ಚೆನ್ನಕ್ಕ ಆಡದ ಮಾತು

ಉದಯಣ್ಣ ಫೋನ್ ಮಾಡಿದಾಗ ನಾನು ದೋಸೆಗೆ ಅಕ್ಕಿ ತೊಳೆಯುತ್ತಿದ್ದೆ.

“ಗಾನಕ್ಕ, ಕೆದಂಬಾಡಿಯದ್ದು ಒಂದು ಅಜ್ಜಿ ಉಂಟು. ಚೆನ್ನಕ್ಕ ಅಂತ. ಹೋದ ವಾರ ತೀರಿಕೊಂಡದ್ದು. ಅವರು ಮಾತಾಡಬೇಕು.”

“ಎಂತ ಮಾರಾಯ್ರೆ, ತೀರಿಕೊಂಡವರು ಮಾತಾಡುದು?”

“ಬದುಕಿದ್ದರೆ ನಿಮಗೆ ಯಾಕೆ ಫೋನ್ ಮಾಡ್ತಿದ್ದೆ? ಅವರನ್ನೇ ಕರೆಸ್ತಿದ್ದೆ.”

ಉದಯಣ್ಣನಿಗೆ ಪುತ್ತೂರಿನಲ್ಲಿ ವಿಡಿಯೋ ಸ್ಟುಡಿಯೋ ಇದೆ. ಮದುವೆ, ಗೃಹಪ್ರವೇಶ, ಅಂಗಡಿಗಳ ಜಾಹೀರಾತು, ಈಚೆಗೆ ಬೊಜ್ಜದ ವಿಡಿಯೋ. ಹದಿಮೂರನೆಯ ದಿನದ ಉತ್ತರಕ್ರಿಯೆಗೆ ನಮ್ಮ ಕಡೆ ಬೊಜ್ಜ ಎನ್ನುತ್ತಾರೆ. ಮೊದಲಾದರೆ ಅಂದು ಊಟಕ್ಕೆ ಮುಂಚೆ ಯಾರಾದರೂ ಹಿರಿಯರು ಎದ್ದು, ತೀರಿಕೊಂಡವರ ಬಗ್ಗೆ ನಾಲ್ಕು ಮಾತು ಆಡಿ ಕೂರುತ್ತಿದ್ದರು. ಈಗ ದೊಡ್ಡ ಪರದೆ ಕಟ್ಟುತ್ತಾರೆ. ಫೋಟೋಗಳು ಒಂದರ ಹಿಂದೆ ಒಂದು ಬರುತ್ತವೆ, ಹಿನ್ನೆಲೆಯಲ್ಲಿ ಕೊಳಲು, ಅದರ ಮೇಲೆ ಒಂದು ಹೆಣ್ಣು ಸ್ವರ. ಆ ಸ್ವರ ಹೆಚ್ಚಾಗಿ ನನ್ನದು.

ನಾನು ಕನ್ನಡ ಎಂ.ಎ. ಮಾಡಿದವಳು. ಸಂದರ್ಶನಕ್ಕೆ ಹೋದಲ್ಲೆಲ್ಲ “ನಿಮ್ಮ ಸ್ವರ ಚೆನ್ನಾಗಿದೆ” ಎಂದು ಹೇಳಿ ಕಳಿಸಿದರು. ಹೇಳಿ ಹೇಳಿ ಕೊನೆಗೆ ಅದೇ ಕೆಲಸವಾಯಿತು. ಆಲೆಟ್ಟಿಯ ನಮ್ಮ ಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ಹಳೆಯ ಹಾಸಿಗೆ, ಕಂಬಳಿಗಳನ್ನು ಗೋಡೆಗೆ ಒರಗಿಸಿ ಒಂದು ಮೈಕು ಇಟ್ಟುಕೊಂಡಿದ್ದೇನೆ. ಗಂಡ ಸುದರ್ಶನ ಅದನ್ನು ಭತ್ತ ತುಂಬಿಡುವ ಪತ್ತಾಯ ಎನ್ನುತ್ತಾನೆ. ಕೆಲಸ ಯಾರದ್ದಾದರೂ ಇರಲಿ, ಓದಿ ಮುಗಿಸಿದ ಮೇಲೆ ಅರ್ಧ ನಿಮಿಷ ಏನೂ ಮಾತಾಡದೆ ಕೂತು ಆ ಮೌನವನ್ನೂ ರೆಕಾರ್ಡ್ ಮಾಡಿ ಕಳಿಸುತ್ತೇನೆ. ಇದು ಉದಯಣ್ಣ ಕಲಿಸಿದ್ದು. ಮಾತನ್ನು ಕತ್ತರಿಸಿ ಜೋಡಿಸುವಾಗ ಸಂದು ಬೀಳುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಕಿವಿ ಗುಂಡಿಗೆ ಬಿದ್ದ ಹಾಗಾಗುತ್ತದೆ. ಅದೇ ಕೋಣೆಯ ಮೌನವನ್ನು ತುಂಬಿದರೆ ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಈ ಕೆಲಸದಲ್ಲಿ ನಿಜವಾಗಿ ಇಷ್ಟವಾದದ್ದು ಆ ಅರ್ಧ ನಿಮಿಷ. ಅದರಲ್ಲಿ ನಾನು ಯಾರ ಅಂಗಡಿಯ ಪರವಾಗಿಯೂ ಇರುವುದಿಲ್ಲ.

ಅಜ್ಜಿಯ ಸ್ವರಕ್ಕೆ ಉದಯಣ್ಣ ನನ್ನನ್ನೇ ಕರೆಯಲು ಒಂದು ಗ್ರೈಂಡರ್ ಕಾರಣ. ಕೆಲವು ವರ್ಷಗಳ ಹಿಂದೆ ಪುತ್ತೂರಿನ ಪಾತ್ರೆ ಅಂಗಡಿಯೊಂದಕ್ಕೆ ತುಳುವಿನಲ್ಲಿ ಜಾಹೀರಾತು ಮಾಡಿದ್ದೆವು. ಹಬ್ಬದ ದಿನ ಮಗ ತಡವಾಗಿ ಮನೆಗೆ ಬರುತ್ತಾನೆ, ಕೈಯಲ್ಲಿ ಹೊಸ ಗ್ರೈಂಡರ್. ಮುದುಕಿ ತಾಯಿ ಹೇಳುತ್ತಾಳೆ: “ನಿನ್ನ ಮೇಲೆ ನನಗೆಂತ ಬೇಸರ ಮಗಾ? ನೀನು ಬಂದಿಯಲ್ಲ, ನನಗೆ ಅಷ್ಟೇ ಸಾಕು.” ಅಷ್ಟಮಿಯಿಂದ ದೀಪಾವಳಿಯವರೆಗೆ ರಿಕ್ಷಾದ ಮೈಕಿನಲ್ಲಿ ಪೇಟೆಯುದ್ದಕ್ಕೂ ಅದೇ ಮಾತು. ಮೂವತ್ತು ದಾಟುವ ಮೊದಲೇ ನಾನು ಉದಯಣ್ಣನ ಲೆಕ್ಕದಲ್ಲಿ ಎಪ್ಪತ್ತರ ತಾಯಿಯಾಗಿಬಿಟ್ಟೆ.

ಮರುದಿನ ಸ್ಟುಡಿಯೋಕ್ಕೆ ಹೋದೆ. ಚೆನ್ನಕ್ಕನ ಮಗ ಪ್ರೇಮನಾಥ ರೈ ಬಂದು ಕೂತಿದ್ದರು. ಸೂತಕದ ಗಡ್ಡ, ಇಸ್ತ್ರಿ ಇಲ್ಲದ ಬಿಳಿ ಅಂಗಿ. ಕೆದಂಬಾಡಿಯಲ್ಲಿ ರಸ್ತೆ ಬದಿಗೆ ಅವರ ಅಂಗಡಿಗಳ ಕಟ್ಟಡ ಇದೆ. ಬಸ್ಸಿನಲ್ಲಿ ಹೋಗುವಾಗ ನೋಡಿದ್ದೆ. ಜೊತೆಗೆ ಕಾಲೇಜಿಗೆ ಹೋಗುವ ಮಗಳು ನಿಖಿತಾ. ಎಲ್ಲರೂ ಮಾತಾಡಿದ್ದು ತುಳುವಿನಲ್ಲೇ.

“ಅಮ್ಮನ ಸ್ವರ ಹೇಗಿತ್ತು?” ಎಂದು ಕೇಳಿದೆ.

“ಸ್ವರ...” ಪ್ರೇಮನಾಥ ರೈ ಮೇಜನ್ನು ನೋಡಿದರು. “ಸಾಧಾರಣ. ಹೆಂಗಸರ ಸ್ವರ.”

“ದಪ್ಪವಾ, ಸಪೂರವಾ?”

“ಮಧ್ಯಮ ಅಂತ ಬರ್ಕೊಳ್ಳಬಹುದು.”

“ಅಪ್ಪಾ, ಅಂಗಿಯ ಅಳತೆ ಕೇಳುದಲ್ಲ ಅವರು,” ಎಂದಳು ನಿಖಿತಾ. “ಅಜ್ಜಿಯ ಸ್ವರ ಒಡೆದಿತ್ತು ಅಕ್ಕ. ಎಲೆಅಡಿಕೆ ಬಾಯಿ. ಒಂದು ಮಾತು ಹೇಳಿ ತುಪ್ಪಿ ಬಂದು ಮತ್ತೆ ಇನ್ನೊಂದು ಹೇಳ್ತಿದ್ರು.”

ಅವರು ಬರೆಸಿ ತಂದ ಹಾಳೆಯನ್ನು ಉದಯಣ್ಣ ನನ್ನ ಮುಂದೆ ಇಟ್ಟ. ಅಜ್ಜಿ ತಾನೇ ತನ್ನ ಕಥೆ ಹೇಳುವ ಹಾಗೆ ಬರೆದಿತ್ತು. ಹುಟ್ಟಿದ್ದು, ಗದ್ದೆಯಲ್ಲಿ ನೇಜಿ ನೆಟ್ಟದ್ದು, ಮಕ್ಕಳನ್ನು ಹೆತ್ತದ್ದು, ಕಾಶಿಗೆ ಹೋದದ್ದು. ಕೊನೆಯಲ್ಲಿ ಒಂದು ವಾಕ್ಯ ಬೇರೆ ಶಾಯಿಯಲ್ಲಿತ್ತು: ‘ಮಗಾ, ನನಗೆ ನಿನ್ನ ಮೇಲೆ ಬೇಸರ ಇಲ್ಲ.’

“ಉಳಿದದ್ದು ನೀವು ಹೇಗೆ ಬೇಕಾದರೂ ಓದಿ,” ಎಂದರು ಪ್ರೇಮನಾಥ ರೈ. “ಇದೊಂದು ಮಾತು ಮಾತ್ರ ಅಮ್ಮನೇ ಹೇಳಿದ ಹಾಗೆ ಇರಬೇಕು. ಎಲ್ಲರಿಗೂ ಕೇಳಬೇಕು.”

ನಾನು ಹೊರಡುವಾಗ ನಿಖಿತಾ ಮೆಟ್ಟಿಲವರೆಗೆ ಬಂದು ತನ್ನ ಫೋನಿನಲ್ಲಿ ಒಂದು ತುಣುಕು ತೋರಿಸಿ ನನಗೂ ಕಳಿಸಿದಳು. ಅಜ್ಜಿಯ ಸ್ವರ ಇರುವುದು ಅದೊಂದರಲ್ಲೇ ಅಂತೆ. ಚೆನ್ನಕ್ಕ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು, ಮಡಿಲ ಹತ್ತಿರ ಒಂದು ಬೂದು ಬೆಕ್ಕು. “ಪುಚ್ಚೇ, ಗಂಜಿ ಆರ್ತಾ ಉಂಟು ಅಂತ ಹೇಳು. ಪೇಪರ್ ಓದಿದರೆ ಹೊಟ್ಟೆ ತುಂಬುದಿಲ್ಲ ಅಂತ ಹೇಳು.” ಚಿತ್ರದ ಅಂಚಿನಲ್ಲಿ ಪೇಪರ್ ಹಿಡಿದ ಎರಡು ಕೈಗಳು ಕಾಣುತ್ತಿದ್ದವು. ಕೈ ನೀಡಿದರೆ ಸಿಗುವಷ್ಟು ಹತ್ತಿರ.

“ಅದು ಅಪ್ಪ,” ಎಂದಳು. “ಅಜ್ಜಿ ಅಪ್ಪನೊಟ್ಟಿಗೆ ಮಾತಾಡ್ತಿರಲಿಲ್ಲ. ನಾನು ಸಣ್ಣವಳಿರುವಾಗಿನಿಂದಲೂ ಹಾಗೇ. ಬೆಕ್ಕಿಗೆ ಹೇಳುದು, ಇಲ್ಲದಿದ್ದರೆ ಕಂಬಕ್ಕೆ ಹೇಳುದು. ಮೊದಲಿನ ಬೆಕ್ಕು ಸತ್ತಾಗ ಅಪ್ಪನೇ ಹುಡುಕಿ ಇನ್ನೊಂದು ತಂದರು.”

“ಯಾಕೆ ಮಾತು ಬಿಟ್ಟದ್ದು?”

“ಅದು ಅತ್ತೆಗೆ ಗೊತ್ತು,” ಎಂದು ಅವಳು ಒಳಗೆ ಹೋದಳು.

ಬಸ್ಸಿನಲ್ಲಿ ಆ ತುಣುಕನ್ನು ಮತ್ತೆ ಮತ್ತೆ ಕೇಳಿದೆ. ಸ್ವರ ಹಿಡಿಯುವುದು ಕಷ್ಟವಿರಲಿಲ್ಲ. ಗಂಟಲ ಕೆಳಗಿನಿಂದ ಎತ್ತಿ, ಮಾತಿನ ಕೊನೆಯನ್ನು ಹಲ್ಲಿಲ್ಲದ ಕಡೆಗೆ ಜಾರಿಸಿದರೆ ಸಾಕು. ಕಷ್ಟವಾದದ್ದು ಬೆಕ್ಕಿಗೆ ಹೇಳಿದ ಮೇಲೆ ಅವರು ಸುಮ್ಮನಾಗುತ್ತಿದ್ದ ರೀತಿ. ಉತ್ತರಕ್ಕೆ ಕಾಯುವವರು ಹಾಗೆ ಸುಮ್ಮನಾಗುವುದಿಲ್ಲ. ಬಾಗಿಲು ಹಾಕಿ ಚಿಲಕವನ್ನೂ ಹಾಕಿದ ಹಾಗಿತ್ತು.

ಆ ಸಂಜೆಯೇ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಹಿಂದೆ ಹೊಲಿಗೆ ಮೆಷಿನ್ ತುಳಿಯುವ ಸದ್ದು.

“ನೀವಾ ಅಮ್ಮ ಆಗುದು?”

“ಯಾರು ಮಾತಾಡುದು?”

“ವಾರಿಜಾ. ಚೆನ್ನಕ್ಕನ ಮಗಳು. ನೆಟ್ಟಣದಲ್ಲಿದ್ದೇನೆ, ಸ್ಟೇಷನ್ ಹತ್ತಿರ. ನಿಖಿತಾ ನಂಬರ್ ಕೊಟ್ಟಳು.” ಮೆಷಿನ್ ನಿಂತಿತು. “ಅಣ್ಣನಿಗೆ ಅಮ್ಮ ಏನೋ ಹೇಳ್ತಾರಂತೆ, ಹೌದಾ?”

ನಾನು ಆ ವಾಕ್ಯ ಹೇಳಿದೆ. ಓದುವ ಸ್ವರದಲ್ಲಿ ಅಲ್ಲ, ನನ್ನದೇ ಸ್ವರದಲ್ಲಿ. ನಂತರ ಅವರು ಮಾತಾಡಿದ್ದು ಬಟ್ಟೆಗೆ ಕತ್ತರಿ ಹಾಕಿದ ಹಾಗೆ, ನೇರವಾಗಿ.

“ಮಾವ, ಅಂದರೆ ಅಮ್ಮನ ಅಣ್ಣ, ಸಾಯುವ ಮೊದಲು ಅಮ್ಮನ ಹತ್ತಿರ ಹೇಳಿದ್ದರು. ರಸ್ತೆ ಬದಿಯ ಜಾಗ ವಾರಿಜಳಿಗೆ, ಅವಳು ಮನೆ ಕಟ್ಟಿಕೊಳ್ಳಲಿ ಅಂತ. ಬರೀ ಬಾಯಿಮಾತು. ಕೇಳಿದವರು ಅಮ್ಮ ಒಬ್ಬರೇ. ಆವತ್ತೇ ನನಗೆ ಹೇಳಿದ್ದರು. ಮಾವ ಹೋದ ಮೇಲೆ ಅಣ್ಣ ಅದು ತನಗೆ ಅಂದ. ಕುಟುಂಬದ ಹಿರಿಯರೆಲ್ಲ ಚಾವಡಿಯಲ್ಲಿ ಕೂತು, ಮನೆದೈವಕ್ಕೆ ಇಟ್ಟ ಮಂಚದ ಎದುರು ಅಮ್ಮನನ್ನು ನಿಲ್ಲಿಸಿ ಕೇಳಿದರು, ಯಾರಿಗೆ ಹೇಳಿದ್ದು ಅಂತ. ಅಮ್ಮ ಮುಖ ಎತ್ತಲಿಲ್ಲ. ‘ಪ್ರೇಮನಿಗೆ’ ಅಂದರು. ಹಿಂದಿನ ದಿನ ಅಣ್ಣ ಹೇಳಿಕೊಟ್ಟ ಮಾತು ಅದು. ‘ಹಾಗೆ ಹೇಳದಿದ್ದರೆ ನನ್ನನ್ನು ನೀನು ಜೀವಂತ ನೋಡುದಿಲ್ಲ’ ಅಂದಿದ್ದನಂತೆ.”

“ಆಮೇಲೆ?”

“ಆಮೇಲೆ ಎಂತದು? ಅವನ ಮನೆಯಲ್ಲೇ ಇದ್ದರು, ಅವನ ಅನ್ನವೇ ಉಂಡರು. ಒಂದು ಮಾತು ಆಡಲಿಲ್ಲ ಅವನೊಟ್ಟಿಗೆ. ಸಾಯುವವರೆಗೆ.”

“ನಿಮ್ಮ ಹತ್ತಿರ ಏನಾದರೂ ಹೇಳಿದ್ದರಾ?”

“ನನ್ನ ಹತ್ತಿರವಾ? ಅಲ್ಲಿ ಮಳೆ ಬಂತಾ, ಕರೆಂಟು ಉಂಟಾ ಅಂತ ಕೇಳ್ತಿದ್ದರು. ತಪ್ಪಾಯಿತು ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ.” ಹಿಂದೆ ರೈಲೊಂದು ಹೊರಟ ಸದ್ದು ಬಂತು. ಅದು ದಾಟುವವರೆಗೆ ಅವರು ಕಾದರು. “ನೋಡಿ, ಅಮ್ಮ ನನಗೆ ಕೊಟ್ಟ ಪಾಲು ಅದೊಂದೇ. ಅವನೊಟ್ಟಿಗೆ ಮಾತಾಡದೆ ಇದ್ದದ್ದು. ಈಗ ಅದನ್ನೂ ಅವನು ತೆಗೊಳ್ತಾನೆ. ಊರವರನ್ನೆಲ್ಲ ಕೂರಿಸಿ ತೆಗೊಳ್ತಾನೆ.”

“ನಾನು ಆ ಮಾತು ಹೇಳುದಿಲ್ಲ,” ಎಂದೆ.

ಹಾಗೆ ಹೇಳುವ ಮೊದಲು ನಾನು ಯೋಚಿಸಿರಲಿಲ್ಲ. ಹೇಳಿದ ಮೇಲೆ ಮೈ ಹಗುರಾಯಿತು. ಬೇರೆಯವರು ಬರೆದುಕೊಟ್ಟದ್ದನ್ನು ಓದುವವಳಿಗೆ ತನ್ನದೇ ಒಂದು ವಾಕ್ಯ ಬಾಯಿಗೆ ಬಂದರೆ ಆಗುವ ಹಗುರ.

“ಬೊಜ್ಜಕ್ಕೆ ಬರುದಿಲ್ಲ ಅಂತ ಇದ್ದೆ,” ಎಂದರು ವಾರಿಜಕ್ಕ.

“ಧೈರ್ಯದಲ್ಲಿ ಬನ್ನಿ. ನಿಮ್ಮ ಅಮ್ಮನ ಬೊಜ್ಜ ಅಲ್ವಾ? ನಾನೂ ಬರ್ತೇನೆ.”

ಉದಯಣ್ಣನಿಗೆ ಫೋನಿನಲ್ಲಿ ಹೇಳಿದಾಗ ಅವನು ಮೊದಲು ನಕ್ಕ.

“ಗಾನಕ್ಕ, ನೀವು ಎಂತ ಪಂಚಾತಿಗೆಗೆ ಕೂತದ್ದಾ? ಓದುದು ನಮ್ಮ ಕೆಲಸ. ಆವತ್ತು ಆ ಗ್ರೈಂಡರಿನಲ್ಲಿ ಹಿಟ್ಟು ಕಡೆದು ನೋಡಿಯೇ ಓದಿದ್ದಾ ನೀವು?”

“ಅದು ಗ್ರೈಂಡರ್ ಉದಯಣ್ಣ. ಇದು ಒಬ್ಬರ ತಾಯಿ.”

“ತಾಯಿ ಸತ್ತಾಗಿದೆ. ಮಗ ಬದುಕಿದ್ದಾನೆ. ಅವನಿಗೆ ಒಂದು ಸಮಾಧಾನ. ಯಾರಿಗೆ ನಷ್ಟ?”

“ಮಗಳಿಗೆ.”

ಮೌಸ್ ಒತ್ತುವ ಸದ್ದು ಕೇಳುತ್ತಿತ್ತು, ಅವನು ಬೇರೇನೋ ಹುಡುಕುತ್ತಿದ್ದ. “ಸರಿ ಮಾರಾಯ್ತಿ, ಬಿಡಿ. ಆ ವಾಕ್ಯ ಬೇಡ. ಉಳಿದದ್ದು ಕಳಿಸಿ. ಸೈಲೆನ್ಸ್ ಕಳಿಸ್ಲಿಕ್ಕೆ ಮರೀಬೇಡಿ.”

ಆದರೆ ಉದಯಣ್ಣನಿಂದ ವಿಷಯ ತಿಳಿದು ಪ್ರೇಮನಾಥ ರೈಗಳೇ ಫೋನ್ ಮಾಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

“ನಾನು ಅವರ ಕಾಲು ಒತ್ತಿದ್ದೇನೆ ಅಮ್ಮಾ,” ಎಂದರು. “ಆಸ್ಪತ್ರೆಯಲ್ಲಿ ಪಾತ್ರೆ ಹಿಡಿದದ್ದು ನಾನು. ಕೊನೆಯ ದಿನ ಬೆಳಿಗ್ಗೆ ಕಣ್ಣು ಬಿಟ್ಟು ನೋಡಿದರು. ಈಗ ಏನಾದರೂ ಹೇಳ್ತಾರೆ ಅಂತ ಹತ್ತಿರ ಹೋದೆ. ನರ್ಸಿನ ಹತ್ತಿರ ತಿರುಗಿ, ‘ಅವನಿಗೆ ಮನೆಗೆ ಹೋಗಿ ಸ್ನಾನ ಮಾಡ್ಲಿಕ್ಕೆ ಹೇಳಿ’ ಅಂದರು. ಆ ಹುಡುಗಿ ಮಲೆಯಾಳಿ. ಅವಳಿಗೆ ತುಳು ಸಹ ಬರುದಿಲ್ಲ.”

ಸುಳ್ಳು ಹೇಳಿಸಿದ ಮನುಷ್ಯನ ದುಃಖ ಸುಳ್ಳಾಗಿರಬೇಕಿಲ್ಲ ಎಂಬುದು ಆಗ ಮೊದಲ ಸಲ ನನಗೆ ಹೊಳೆಯಿತು. ಅದು ಹೊಳೆಯಬಾರದಿತ್ತು ಎಂದೂ ಅನ್ನಿಸಿತು.

“ಆ ಜಾಗವನ್ನು ತಂಗಿಗೆ ಬಿಟ್ಟುಕೊಟ್ಟಿದ್ದರೆ ಮಾತಾಡ್ತಿದ್ದರೋ ಏನೋ,” ಎಂದೆ.

ಅವರು ಹೇಳಿದರು, “ಅಲ್ಲಿ ಈಗ ಕಟ್ಟಡ ಆಗಿದೆಯಲ್ಲ.”

ಮಧ್ಯಾಹ್ನ, ಪಕ್ಕದ ತೋಟದ ಪಂಪು ನಿಂತ ಮೇಲೆ, ಕೋಣೆಯ ಬಾಗಿಲು ಹಾಕಿ ಓದಿದೆ. ನೇಜಿ, ಹೆರಿಗೆ, ಕಾಶಿ. ಚೆನ್ನಕ್ಕನ ಒಡೆದ ಸ್ವರ ನನ್ನ ಗಂಟಲಿಗೆ ಸುಲಭವಾಗಿ ಬಂದು ಕೂತಿತು. ಕೊನೆಯ ವಾಕ್ಯದ ಹತ್ತಿರ ಬಂದಾಗ ಹಾಳೆ ಮಡಚಿ ಸುಮ್ಮನೆ ಕೂತೆ. ಮೈಕು ಕೇಳುತ್ತಿತ್ತು. ಯಾವತ್ತಿನ ಅರ್ಧ ನಿಮಿಷ ಮುಗಿದ ಮೇಲೂ ಎದ್ದುಹೋಗಲು ಮನಸ್ಸಾಗಲಿಲ್ಲ. ಇದು ಚೆನ್ನಕ್ಕನದ್ದು, ಇದನ್ನು ಚೆನ್ನಾಗಿ ಮಾಡಬೇಕು ಎಂದುಕೊಂಡೆ. ಉಸಿರಿನ ಸದ್ದೂ ಬಾರದ ಹಾಗೆ ಕೂತಿದ್ದೆ. ನಾನು ಮಾಡಿದ ರೆಕಾರ್ಡಿಂಗುಗಳಲ್ಲೆಲ್ಲ ಅದರಷ್ಟು ಶುದ್ಧವಾದದ್ದು ಇನ್ನೊಂದಿಲ್ಲ. ಅದನ್ನೂ ಕಳಿಸಿದೆ.

ಬೊಜ್ಜದ ದಿನ ಕೆದಂಬಾಡಿಯ ಮನೆಯ ಅಂಗಳಕ್ಕೆ ಶಾಮಿಯಾನ ಹಾಕಿದ್ದರು. ಪರದೆಯ ಬದಿಗೆ ಚೆನ್ನಕ್ಕನ ಫೋಟೋ, ದೀಪ, ಸೇವಂತಿಗೆ ಮಾಲೆ. ಹಿಂದಿನಿಂದ ಸಾರು ಕುದಿಯುವ ವಾಸನೆ ಬರುತ್ತಿತ್ತು, ಬಡಿಸುವವರು ಬಕೆಟು ತೊಳೆಯುತ್ತಿದ್ದರು. ಬೂದು ಬೆಕ್ಕು ಸ್ಪೀಕರಿನ ಕೆಳಗೆ ಮಲಗಿತ್ತು. ನಿಖಿತಾ ಹೆಂಗಸರ ಸಾಲಿನ ಕೊನೆಯಲ್ಲಿ ಕೂತವರನ್ನು ಕಣ್ಣಿನಲ್ಲೇ ತೋರಿಸಿದಳು. ವಾರಿಜಕ್ಕ. ಫೋನಿನಲ್ಲಿ ಕೇಳಿದ್ದಕ್ಕಿಂತ ಸಣ್ಣ ಆಳು. ಗಲ್ಲ ಥೇಟ್ ಫೋಟೋದ ಗಲ್ಲವೇ. ಅವರು ನನ್ನನ್ನು ನೋಡಿ ತಲೆ ಸ್ವಲ್ಪ ಬಾಗಿಸಿದರು. ನಾನೂ ಬಾಗಿಸಿದೆ. ನಮ್ಮಿಬ್ಬರ ನಡುವೆ ಒಂದು ಗುಟ್ಟು ಇದ್ದ ಹಾಗಿತ್ತು.

ಕೊಳಲು ಶುರುವಾಯಿತು. ಚೆನ್ನಕ್ಕ ಮಾತಾಡಿದರು. ನೇಜಿಯ ಮಾತಿಗೆ ಹಿಂದಿನ ಸಾಲಿನ ಅಜ್ಜಿಯೊಬ್ಬರು “ಹೌದು ಹೌದು” ಎಂದರು. ನನ್ನ ಪಕ್ಕದಲ್ಲಿ ಕೂತ ಹೆಂಗಸು ಸೆರಗಿನಿಂದ ಮೂಗು ಒರೆಸಿಕೊಂಡರು. ಕಾಶಿಯ ಫೋಟೋ ಬಂತು, ಹೋಯಿತು. ಕೊನೆಯ ಚಿತ್ರ ಚೆನ್ನಕ್ಕನ ಮುಖ ಮಾತ್ರ, ಪರದೆ ತುಂಬ. ಇಲ್ಲಿಗೆ ಮುಗಿಯಿತು ಎಂದು ನಾನು ಉಸಿರು ಬಿಟ್ಟೆ. ಕೊಳಲು ನಿಂತಿತು. ಸ್ಪೀಕರಿನಲ್ಲಿ ನನ್ನ ಕೋಣೆಯ ಮೌನ ಕೇಳಿತು. ಬೇರೆ ಯಾರಿಗೂ ಅದು ಕೇಳಿಸಿರಲಿಕ್ಕಿಲ್ಲ. ನನಗೆ ಅದರ ಗುರುತು ಉಂಟು. ಆ ಮೌನದೊಳಗಿನಿಂದ, ಒಂದಿಷ್ಟೂ ಸಂದಿಲ್ಲದೆ, ಚೆನ್ನಕ್ಕ ಹೇಳಿದರು:

“ನಿನ್ನ ಮೇಲೆ ನನಗೆಂತ ಬೇಸರ ಮಗಾ? ನೀನು ಬಂದಿಯಲ್ಲ, ನನಗೆ ಅಷ್ಟೇ ಸಾಕು.”

ಮತ್ತೆ ನನ್ನ ಮೌನ. ಶುದ್ಧವಾದದ್ದು.

ಮುಂದಿನ ಸಾಲಿನಲ್ಲಿದ್ದ ಪ್ರೇಮನಾಥ ರೈ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ಇಬ್ಬರು ಹಿರಿಯರು ಎದ್ದು ಬಂದು ಅವರ ಬೆನ್ನು ಸವರಿದರು. ಚಾವಡಿಯಲ್ಲಿ ಆವತ್ತು ಕೂತವರು ಅವರೇ ಇರಬೇಕು. ಸ್ಪೀಕರಿನ ಕೆಳಗಿನ ಬೆಕ್ಕು ತಲೆ ಎತ್ತಲಿಲ್ಲ.

“ಎಷ್ಟು ಸರಿಯಾಗಿ ಹಿಡಿದಿದ್ದಾರೆ ನೋಡಿ,” ಎಂದರು ಪಕ್ಕದ ಹೆಂಗಸು. “ಇದೇ ಮಾತನ್ನು ನಾನೇ ಕೇಳಿದ್ದೇನೆ. ಚೆನ್ನಕ್ಕ ನಮ್ಮ ಮನೆಗೆ ಬಂದಾಗ ಹೀಗೇ ಹೇಳಿದ್ದರು, ಪ್ರೇಮನ ಬಗ್ಗೆ.”

ಮೈಕು ಹಿಡಿದವರು ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಪ್ರಾರ್ಥನೆ ಮಾಡಬೇಕೆಂದರು. ಎದ್ದೆವು. ಅಂಗಳ ಪೂರ್ತಿ ಸದ್ದಡಗಿದಾಗ ಒಂದು ಜೊತೆ ಚಪ್ಪಲಿ ಮಾತ್ರ ಜಲ್ಲಿಯ ಮೇಲೆ ನಡೆಯುವುದು ಕೇಳಿತು. ತಿರುಗಿ ನೋಡಿದೆ. ವಾರಿಜಕ್ಕ ಗೇಟಿನ ಹತ್ತಿರ ಇದ್ದರು. ನಾನು ಕುರ್ಚಿಗಳ ನಡುವೆ ನುಸುಳಿ ಹೊರಗೆ ಓಡುವಷ್ಟರಲ್ಲಿ “ಧನ್ಯವಾದಗಳು, ಇನ್ನು ಊಟಕ್ಕೆ ಏಳಬೇಕು” ಎಂದು ಕೇಳಿತು. ಒಂದು ನಿಮಿಷದ ಮೌನ ಎಲ್ಲಿಯೂ ಒಂದು ನಿಮಿಷ ಇರುವುದಿಲ್ಲ.

“ವಾರಿಜಕ್ಕ, ನಾನು ಹೇಳಿದ್ದಲ್ಲ ಅದು.”

ಅವರು ನಿಂತರು. ಮುಖದಲ್ಲಿ ಸಿಟ್ಟಿರಲಿಲ್ಲ.

“ಸ್ವರ ನಿಮ್ಮದಲ್ವಾ?”

“ನನ್ನದೇ. ಆದರೆ ಅದು ಹಳೆಯದು. ಗ್ರೈಂಡರಿನ ಜಾಹೀರಾತು...”

ಹೇಳುತ್ತಿರುವಾಗಲೇ ನನಗೆ ನನ್ನ ಮಾತು ಕೇಳಿಸಿತು. ಗ್ರೈಂಡರ್ ಎಂಬ ಶಬ್ದ ಆ ಗೇಟಿನ ಹತ್ತಿರ ಎಷ್ಟು ಅಸಹ್ಯವಾಗಿತ್ತೆಂದರೆ, ಉಳಿದದ್ದು ಬಾಯಿಗೆ ಬರಲಿಲ್ಲ. ವಾರಿಜಕ್ಕ ನನ್ನನ್ನು ಪೂರ್ತಿ ನೋಡಿದರು. ಆಮೇಲೆ ರಸ್ತೆಯ ಆಚೆ, ಸಾಲಾಗಿ ಷಟರ್ ಹಾಕಿದ್ದ ಅಣ್ಣನ ಕಟ್ಟಡವನ್ನು ನೋಡಿದರು. ಬೊಜ್ಜಕ್ಕೆಂದು ಅಂದು ಅಂಗಡಿಗಳನ್ನು ಮುಚ್ಚಿಸಿದ್ದರು. ಬಸ್ಸು ಬಂತು. ತಾಯಿಯ ಬೊಜ್ಜದ ಊಟ ಉಣ್ಣದೆ ಅವರು ಹತ್ತಿಹೋದರು.

ಉದಯಣ್ಣ ಶಾಮಿಯಾನದ ಹಿಂದೆ ವಯರು ಸುತ್ತುತ್ತಿದ್ದ.

“ನೀವು ಹೇಳುದಿಲ್ಲ ಅಂದ್ರಿ, ನಿಮ್ಮ ಹತ್ತಿರ ಹೇಳಿಸಲಿಲ್ಲ,” ಎಂದ. “ಹಳೆಯ ಫೈಲಿನಲ್ಲಿ ಇತ್ತು. ನಿಜ ಹೇಳಬೇಕಾ ಗಾನಕ್ಕ, ಕೂರಿಸುದು ಕಷ್ಟ ಅಂತ ಇದ್ದೆ. ನಿಮ್ಮ ಸೈಲೆನ್ಸ್ ಈ ಸಲ ಉದ್ದ ಇತ್ತಲ್ಲ, ಅದರಲ್ಲಿ ಬೆಣ್ಣೆ ಹಾಗೆ ಕೂತಿತು. ಊಟ ಆಯ್ತಾ?”

ಮನೆಗೆ ಬಂದು ನೆಟ್ಟಣಕ್ಕೆ ಫೋನ್ ಮಾಡಿದೆ. ಎತ್ತಲಿಲ್ಲ. ಮರುದಿನ ಮಾಡಿದೆ. ಸುದರ್ಶನ, “ಅವರಿಗೆ ಬೇಡದಿದ್ದರೆ ಬಿಡು, ನೀನು ತಪ್ಪು ಮಾಡಲಿಲ್ಲವಲ್ಲ,” ಎಂದ. ಮಾಡಲಿಲ್ಲ. ಅದನ್ನು ಒಬ್ಬರು ನಂಬಿದರೆ ಸಾಕಿತ್ತು, ಆ ಒಬ್ಬರು ಅವನಲ್ಲ.

ಮೂರನೆಯ ಸಲ ಫೋನ್ ಎತ್ತಿದರು. ಹಲೋ ಎನ್ನಲಿಲ್ಲ.

“ವಾರಿಜಕ್ಕ, ನಾನು ಗಾನಶ್ರೀ.”

ಏನೂ ಇಲ್ಲ. ಫೋನ್ ಇಟ್ಟಿರಲಿಲ್ಲ, ಅದು ನನಗೆ ಗೊತ್ತಾಗುತ್ತದೆ. ಅವರ ಕೋಣೆ ಕೇಳುತ್ತಿತ್ತು. ತಗಡಿನ ಮಾಡು ಬಿಸಿಲಿಗೆ ಸಣ್ಣಗೆ ಸಿಡಿಯುತ್ತಿತ್ತು, ಒಂದು ಫ್ಯಾನು ತಿರುಗುವಾಗ ಒಂದೇ ಕಡೆ ತಾಗುತ್ತಿತ್ತು, ದೂರದಲ್ಲಿ ಸ್ಟೇಷನ್ನಿನ ಮೈಕಿನಲ್ಲಿ ಯಾರೋ ಹೆಂಗಸು ರೈಲು ಬರುವುದನ್ನು ಹೇಳುತ್ತಿದ್ದಳು.

“ನಾನು ಆ ಮಾತು ಹೇಳಿಲ್ಲ,” ಎಂದೆ. “ನಿಮ್ಮ ಅಮ್ಮನಾಣೆಗೂ ಹೇಳಿಲ್ಲ.”

ಕಾದೆ. ಆ ಮೌನದ ಕೊನೆಯಲ್ಲಿ ಉತ್ತರ ಇರಲಿಲ್ಲ. ಅದನ್ನು ನಾನು ಮೊದಲು ಒಂದು ಸಲ ಕೇಳಿದ್ದೆ, ಬಸ್ಸಿನಲ್ಲಿ, ನಿಖಿತಾಳ ತುಣುಕಿನಲ್ಲಿ, ಬೆಕ್ಕಿಗೆ ಹೇಳಿದ ಮಾತು ಮುಗಿದ ಮೇಲೆ.

ಆಮೇಲೆ ಹೊಲಿಗೆ ಮೆಷಿನ್ ಶುರುವಾಯಿತು.